ಹಂಡೆ ಸೋರಿತು

ಕಳೆದ ವರ್ಷ ನವರಾತ್ರಿಯ ರಜೆ ಮುಗಿದು ಕಾಲೇಜು ತೆರೆದ ವಾರದಲ್ಲಿ ಊರಿನಿಂದ ಅಣ್ಣ ಫೋನು ಮಾಡಿದ. ಮಳೆ, ಅಡಿಕೆಯ ಕೊಳೆರೋಗ, ಅಮ್ಮನ ಮಂಡಿನೋವು, ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ, ಹತ್ತಿರದವರ ಕಾಯಿಲೆಯ ಸುದ್ದಿ ತಿಳಿಸುವವನ ದನಿಯಲ್ಲಿ, "ಹಂಡೆ ಸೋರ್ತಾ ಇದೆ ಕಣೋ" ಎಂದ. ದೀಪಾವಳಿಗೆ ಇನ್ನು ಹದಿನೈದು ದಿನ ಮಾತ್ರ ಉಳಿದಿತ್ತು.

ಪೇಟೆಯ ವಾಚಕರಿಗೆ ಇದೊಂದು ಸುದ್ದಿಯೇ ಎನಿಸಬಹುದು. ಒಂದು ಪಾತ್ರೆ ಸೋರಿದರೆ ಇನ್ನೊಂದನ್ನು ತಂದರಾಯಿತು. ಆದರೆ ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಹಂಡೆಯೆಂದರೆ ಬರಿಯ ಪಾತ್ರೆಯಲ್ಲ. ಮಣ್ಣಿನ ಒಲೆಯಲ್ಲಿ ಕುತ್ತಿಗೆಯವರೆಗೆ ಹೂತು ಕುಳಿತ ಎಂಬತ್ತು ಲೀಟರಿನ ತಾಮ್ರದ ಆ ಹಂಡೆ, ಅದರ ಕೆಳಗೆ ಉರಿಯುವ ಬೆಂಕಿ, ಎರಡೂ ಸೇರಿ ಇಡೀ ಮನೆಯನ್ನು ಬೆಚ್ಚಗಿಡುವ ಏಕೈಕ ಏರ್ಪಾಡು. ಜೂನಿನಿಂದ ಸೆಪ್ಟೆಂಬರಿನವರೆಗೆ ಹಿಡಿದು ಬಿಡದೆ ಹೊಯ್ಯುವ ಮಳೆಯಲ್ಲಿ ಒದ್ದೆ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ. ಕಂಬಳಿ ಆರುವುದು ಅಲ್ಲಿಯೇ. ನಾವು ಮಕ್ಕಳು ಚಳಿಗೆ ಕೈ ಕಾಯಿಸಿಕೊಂಡದ್ದು, ಕೆಂಡದಲ್ಲಿ ಹಲಸಿನ ಬೀಜ ಸುಟ್ಟು ತಿಂದದ್ದು, ಮಗ್ಗಿ ಒಪ್ಪಿಸಿದ್ದು, ಎಲ್ಲವೂ ಆ ಒಲೆಯ ಮುಂದೆ. ಪಾಶ್ಚಾತ್ಯ ದೇಶಗಳ ಮನೆಗಳಲ್ಲಿ ಬೆಂಕಿಗೂಡು ಯಾವ ಕೆಲಸ ಮಾಡುತ್ತದೆಯೋ ಮಲೆನಾಡಿನಲ್ಲಿ ಬಚ್ಚಲೊಲೆ ಆ ಕೆಲಸವನ್ನು ಮಾಡುತ್ತದೆ.

ಹಬ್ಬದ ಮಾತು ಬೇರೆ. ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿ, ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ಸೇದಿ ತುಂಬಬೇಕು. ಸೋರುವ ಹಂಡೆಗೆ ನೀರು ತುಂಬುವುದು ಹೇಗೆ? ಆದ್ದರಿಂದ ಮನೆಯಲ್ಲಿ ಎರಡು ಪಕ್ಷಗಳಾಗಿದ್ದವು. ಹಂಡೆಯನ್ನು ತೂಕಕ್ಕೆ ಮಾರಿ ಮಾಡಿನ ಮೇಲೆ ಸೋಲಾರ್ ಕೂರಿಸೋಣವೆಂದು ಅಣ್ಣ; ಅಷ್ಟೆಲ್ಲ ಏಕೆ, ಒಂದು ಗ್ಯಾಸ್ ಗೀಸರು ಸಾಕೆಂದು ಅವನ ಮಗ. ಮೂರನೆಯ ಪಕ್ಷಕ್ಕೆ ನಾನೊಬ್ಬನೇ. ಹಂಡೆಯ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಜ್ಜಿಯ ಹೆಸರಿದೆ. ಅದನ್ನು ಗುಜರಿಯ ತಕ್ಕಡಿಗೆ ಹಾಕುವುದನ್ನು ನೆನೆದರೇ ನನಗೆ ಕಸಿವಿಸಿಯಾಗುತ್ತಿತ್ತು. "ನಾನು ಬರುವ ತನಕ ಏನೂ ಮಾಡಬೇಡ" ಎಂದು ಹೇಳಿ ಫೋನು ಇಟ್ಟೆ.

ಮೇಷ್ಟರ ಸ್ವಭಾವ ನೋಡಿ: ಜಗಳಕ್ಕೆ ಹೊರಡುವ ಮೊದಲು ಪುಸ್ತಕ ತೆರೆಯುತ್ತಾರೆ. ಹಂಡೆಯ ಪಕ್ಷದಲ್ಲಿ ವಾದಿಸಲು ಇತಿಹಾಸದ ಬೆಂಬಲ ಹುಡುಕಿ ನಾನು ಒಂದು ವಾರ ಓದಿದೆ.

ಮನುಷ್ಯನಿಗೆ ಬಿಸಿನೀರಿನ ಸುಖ ಎಷ್ಟು ಹಳೆಯದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಳ್ಳೆಯ ಸಾಕ್ಷ್ಯವಿದೆ. ಬೌದ್ಧರ ವಿನಯಪಿಟಕದಲ್ಲಿ 'ಜಂತಾಘರ' ಎಂಬ ಬಿಸಿಕೋಣೆಯ ವಿವರ ಬರುತ್ತದೆ. ಭಿಕ್ಷುಗಳ ಆರೋಗ್ಯಕ್ಕಾಗಿ ಬುದ್ಧ ಅದಕ್ಕೆ ಅನುಮತಿ ಕೊಟ್ಟನಂತೆ. ಕೋಣೆ ಚಿಕ್ಕದಾದರೆ ಒಲೆ ಒಂದು ಬದಿಯಲ್ಲಿ, ದೊಡ್ಡದಾದರೆ ನಡುವೆ. ಹೊಗೆ ಹೋಗಲು 'ಧೂಮನೇತ್ತ' ಎಂಬ ಕೊಳವೆ. ಬೆಂಕಿಯ ಝಳ ತಾಗದಂತೆ ಮುಖಕ್ಕೆ ಬಳಿದುಕೊಳ್ಳುವ ಮಣ್ಣು. ಇಂಥ ಚಿಕ್ಕ ವಿಷಯಗಳಿಗೂ ಅಲ್ಲಿ ನಿಯಮವುಂಟು. ಒಂದು ನಿಯಮ ನನ್ನ ಮನಸ್ಸಿನಲ್ಲಿ ನಿಂತಿತು: ಜಂತಾಘರಕ್ಕೆ ಮೊದಲು ಹೋದವನು ಬೂದಿ ತುಂಬಿದ್ದರೆ ಅದನ್ನು ಹೊರಗೆ ಹಾಕಬೇಕು, ನೆಲ ಗುಡಿಸಬೇಕು, ಕೊನೆಗೆ ಬರುವವನು ಬೆಂಕಿ ನಂದಿಸಿ ಬಾಗಿಲು ಹಾಕಬೇಕು, ಕಿರಿಯರು ಹಿರಿಯರಿಗೆ ಶುಶ್ರೂಷೆ ಮಾಡಬೇಕು. ಆಗ ಅದನ್ನು ಒಂದು ಸ್ವಾರಸ್ಯವೆಂದು ಗುರುತು ಹಾಕಿಕೊಂಡೆ, ಅಷ್ಟೆ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹದಿಮೂರು ಬಗೆಯ ಸ್ವೇದಗಳನ್ನು ಹೇಳುವಾಗ 'ಜೇಂತಾಕ' ಎಂಬ ದುಂಡು ಮನೆಯ ವರ್ಣನೆ ಇದೆ. ನಡುವೆ ಆಳೆತ್ತರದ ಮಣ್ಣಿನ ಒಲೆ, ಅದಕ್ಕೆ ಅನೇಕ ರಂಧ್ರಗಳು, ಮೇಲೊಂದು ಮುಚ್ಚಳ. ಕಗ್ಗಲಿಯ ಕಟ್ಟಿಗೆ ಚೆನ್ನಾಗಿ ಉರಿದು, ಹೊಗೆಯೆಲ್ಲ ಹೋದಮೇಲೆ ರೋಗಿಯನ್ನು ಒಳಗೆ ಬಿಡಬೇಕು. ಶಾಖ ಬೇಕು, ಹೊಗೆ ಬೇಡ ಎಂಬ ವಿವೇಕ ಆಗಲೇ ಇತ್ತೆಂಬುದನ್ನು ಗಮನಿಸಬೇಕು. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಭೋಗಗಳನ್ನು ಎಣಿಸುವಾಗ ಸ್ನಾನಭೋಗಕ್ಕೂ ಒಂದು ಸ್ಥಾನ ದೊರೆತಿದೆ. ಬೀದರ ಕೋಟೆಗೆ ಹೋದವರು ಅಲ್ಲಿಯ ವಸ್ತುಸಂಗ್ರಹಾಲಯವನ್ನು ನೋಡಿರಬಹುದು. ಆ ಕಟ್ಟಡ ಹಿಂದೆ ಅರಮನೆಯ ಹಮಾಮು. ಇನ್ನು ಕನ್ನಡದ 'ಅಗ್ಗಿಷ್ಟಿಕೆ' ಎಂಬ ಮುದ್ದಾದ ಮಾತು ಸಂಸ್ಕೃತದ ಅಗ್ನಿಷ್ಠಿಕೆಯ ತದ್ಭವ. ಚಳಿಯನ್ನು ಬೆಂಕಿಯಿಂದ ಕಳೆಯುವ ಸಂಪ್ರದಾಯ ನಮಗೆ ಹೊಸದೇನಲ್ಲ.

ರೋಮನರಲ್ಲಿ ನನ್ನ ಹಂಡೆಗೆ ನೇರವಾದ ನೆಂಟನೇ ಸಿಕ್ಕಿದ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ವಾಸ್ತುಪಂಡಿತ ವಿಟ್ರೂವಿಯಸ್ ತನ್ನ ಗ್ರಂಥದ ಐದನೆಯ ಸಂಪುಟದಲ್ಲಿ ಸ್ನಾನಗೃಹದ ಕುಲುಮೆಯ ಮೇಲೆ ಮೂರು ಹಂಡೆಗಳನ್ನಿಡಲು ಹೇಳುತ್ತಾನೆ: ಬಿಸಿನೀರಿಗೊಂದು, ಉಗುರುಬೆಚ್ಚನೆಯದಕ್ಕೊಂದು, ತಣ್ಣೀರಿಗೊಂದು. ಬಿಸಿನೀರು ಖರ್ಚಾದಷ್ಟೂ ಬೆಚ್ಚನೆಯ ಹಂಡೆಯಿಂದ ನೀರು ಬಂದು ಸೇರಬೇಕು, ಅದಕ್ಕೆ ತಣ್ಣೀರಿನ ಹಂಡೆಯಿಂದ. ಆ ಕುಲುಮೆಯ ಬಿಸಿಗಾಳಿ ಗಿಡ್ಡ ಕಂಬಗಳ ಮೇಲೆ ನಿಂತ ನೆಲದಡಿಯಲ್ಲಿ ಹರಿದು ಕೋಣೆಯನ್ನೂ ಕಾಯಿಸುತ್ತಿತ್ತು. ಒಂದೇ ಬೆಂಕಿಯಿಂದ ನೀರೂ ಮನೆಯೂ ಬೆಚ್ಚಗಾಗುವುದು, ನಮ್ಮ ಬಚ್ಚಲೊಲೆಯ ತತ್ತ್ವವೇ. ಒಂದು ವ್ಯತ್ಯಾಸವುಂಟು: ಅಲ್ಲಿ ಕುಲುಮೆಗೆ ಕಟ್ಟಿಗೆ ನೂಕುತ್ತಿದ್ದವರು ಗುಲಾಮರು. ಈ ಮಾತನ್ನು ಓದಿ ನಾನು ಸಲೀಸಾಗಿ ಮುಂದಕ್ಕೆ ಹೋದೆ; ನಮ್ಮ ಮನೆಯಲ್ಲಿ ಗುಲಾಮರಿರಲಿಲ್ಲವಷ್ಟೆ!

ಹಳೆಯದನ್ನು ದುರಸ್ತಿ ಮಾಡಬೇಕೋ, ಕಿತ್ತು ಹೊಸದನ್ನು ಹಾಕಬೇಕೋ ಎಂಬ ಪ್ರಶ್ನೆ ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ 18ನೆಯ ಶತಮಾನದಲ್ಲಿ ಜೋರಾಗಿ ಎದ್ದಿತು. ಕಾಡು ಕರಗಿ ಸೌದೆ ದುಬಾರಿಯಾದದ್ದು ಕಾರಣ. ಬೆಂಜಮಿನ್ ಫ್ರಾಂಕ್ಲಿನ್ ಹೊಸದರ ಪಕ್ಷ. ಹಳೆಯ ಬೆಂಕಿಗೂಡಿನೊಳಗೆ ಕಬ್ಬಿಣದ ಪೆಟ್ಟಿಗೆಯನ್ನು ಕೂರಿಸಿ, 1744ರಲ್ಲಿ ಅದರ ವಿಷಯವಾಗಿ ಒಂದು ಪುಸ್ತಿಕೆಯನ್ನೂ ಬರೆದ; ಪೇಟೆಂಟು ಕೊಡುತ್ತೇವೆಂದರೂ ಬೇಡವೆಂದ. ಆದರೆ ಅವನ ಯಂತ್ರದಲ್ಲಿ ಹೊಗೆ ಮೊದಲು ಕೆಳಕ್ಕಿಳಿದು ಆಮೇಲೆ ಮೇಲಕ್ಕೆ ಹೋಗಬೇಕಾಗಿತ್ತು. ಹೊಗೆ ಅದಕ್ಕೆ ಒಪ್ಪಲಿಲ್ಲ. ಬೇರೆಯವರು ತಿದ್ದಿದ ಮೇಲೆಯೇ ಆ ಒಲೆ ಜನಪ್ರಿಯವಾದದ್ದು.

ಕೌಂಟ್ ರಂಫರ್ಡ್ ದುರಸ್ತಿಯ ಪಕ್ಷ. ಈತ 1796ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರಾಂಶ ಇಷ್ಟು: ಮನೆ ಕೆಡವಬೇಡಿ, ಬೆಂಕಿಗೂಡು ಕೀಳಬೇಡಿ, ನಾಲ್ಕು ಇಟ್ಟಿಗೆ ಇಟ್ಟು ಅದರ ಗಂಟಲನ್ನು ಕಿರಿದುಮಾಡಿ, ಎರಡು ಬದಿಗಳನ್ನು ಓರೆಯಾಗಿಸಿ. ಗಂಟಲು ನಾಲ್ಕು ಅಂಗುಲವಿದ್ದರೆ ಹೊಗೆ ಹೋಗಲು ಸಾಕು. ಅದಕ್ಕಿಂತ ಅಗಲವಾದರೆ ಕೋಣೆಯ ಬಿಸಿಗಾಳಿಯೂ ಅದರೊಡನೆ ಹಾರಿಹೋಗುತ್ತದೆ. ಬದಿಗಳು ಓರೆಯಾದರೆ ಶಾಖ ಕೋಣೆಯತ್ತ ತಿರುಗುತ್ತದೆ. ಲಂಡನ್ನಿನ ನೂರಾರು ಮನೆಗಳು ಹೀಗೆ ಅಲ್ಪ ಖರ್ಚಿನಲ್ಲಿ ಹೊಗೆಯಿಂದ ಪಾರಾದವು. ನನಗೆ ಬೇಕಾದ ಸಾಕ್ಷಿ ಸಿಕ್ಕಿತೆಂದು ಹಿಗ್ಗಿದೆ.

ಆದರೆ ಇತಿಹಾಸ ಯಾರ ಮನೆಯ ವಕೀಲನೂ ಅಲ್ಲ. ಅದೇ ಲಂಡನ್ನಿನ ಕಲ್ಲಿದ್ದಲ ಬೆಂಕಿಗಳು 1952ರ ಡಿಸೆಂಬರಿನಲ್ಲಿ ಏನು ಮಾಡಿದವೆಂಬುದನ್ನು ಮುಂದಿನ ಪುಟ ಹೇಳಿತು. ಗಾಳಿ ಅಲುಗದ ಐದು ದಿನ ಮನೆ ಮನೆಯ ಹೊಗೆಯೂ ಕಾರ್ಖಾನೆಗಳ ಹೊಗೆಯೂ ಮಂಜಿನೊಡನೆ ಕೂಡಿ ಊರಿನ ಮೇಲೆ ಕುಳಿತಿತು. ಸತ್ತವರು ಸುಮಾರು 4000 ಎಂದು ಆಗ ಹೇಳಿದರು. ಆ ಸಂಖ್ಯೆ 12000ದವರೆಗೆ ಹೋಗಬಹುದೆಂದು ಆಮೇಲಿನ ಲೆಕ್ಕ. 1956ರಲ್ಲಿ ಶುದ್ಧವಾಯು ಕಾಯಿದೆ ಬಂದಿತು. ಹೊಗೆ ನಿಷೇಧಿಸಿದ ಪ್ರದೇಶಗಳಲ್ಲಿ ಒಲೆ ಬದಲಾಯಿಸುವ ಮನೆಯವರಿಗೆ ಹತ್ತರಲ್ಲಿ ಏಳು ಪಾಲು ಖರ್ಚನ್ನು ಸ್ಥಳೀಯ ಸಂಸ್ಥೆಗಳು ಕೊಡುವಂತಾಯಿತು. 1967ರಿಂದ 1977ರವರೆಗೆ, ಉತ್ತರ ಸಮುದ್ರದ ಅನಿಲ ದೊರೆತಾಗ, ಬ್ರಿಟನ್ನಿನಲ್ಲಿ ಸುಮಾರು ನಾಲ್ಕು ಕೋಟಿ ಒಲೆ ಮೊದಲಾದ ಉಪಕರಣಗಳನ್ನು ಮನೆ ಮನೆಗೆ ಹೋಗಿ ತಿದ್ದಿದರು ಅಥವಾ ಬದಲಿಸಿದರು. ಒಂದು ದೇಶವೇ ಹತ್ತು ವರ್ಷ ಕುಳಿತು ನಮ್ಮ ಅಣ್ಣನ ಪ್ರಶ್ನೆಯನ್ನು ಇತ್ಯರ್ಥ ಮಾಡಿತು ಎನ್ನಬಹುದು.

ಗೀಸರಿನ ಚರಿತ್ರೆಯನ್ನೂ ನೋಡಿದೆ. ಐಸ್‌ಲೆಂಡಿನಲ್ಲಿ ಭೂಮಿಯಿಂದ ಚಿಮ್ಮುವ ಬಿಸಿನೀರಿನ ಬುಗ್ಗೆಗೆ ಇರುವ ಹೆಸರು ಅದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾಘನ್ ಎಂಬಾತ ಅನಿಲದಿಂದ ತಕ್ಷಣ ನೀರು ಕಾಯಿಸುವ ಯಂತ್ರ ಮಾಡಿ ಆ ಹೆಸರಿಟ್ಟ. ಅವನ ಯಂತ್ರಕ್ಕೆ ಹೊಗೆ ಹೋಗುವ ಕೊಳವೆಯೇ ಇರಲಿಲ್ಲ. ಅನಿಲ ಉರಿಯಲು ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರು ಹಾಕಿ ಸ್ನಾನಕ್ಕೆ ಹೋದವರು ಹೊರಗೆ ಬರದ ಸುದ್ದಿಯನ್ನು ನಾವು ಇಂದಿಗೂ ಪತ್ರಿಕೆಗಳಲ್ಲಿ ಓದುತ್ತಿದ್ದೇವೆ. ಬೌದ್ಧ ಭಿಕ್ಷುಗಳ ಧೂಮನೇತ್ತವನ್ನು ಮರೆತುದರ ಫಲ ಇದು. ಅಣ್ಣನ ಮಗನ ಸಲಹೆಯನ್ನು ನಾನು ಅಲ್ಲಿಗೇ ಹೊಡೆದು ಹಾಕಿದೆ.

ವಿದ್ಯುತ್ತಿನ ವಿಷಯದಲ್ಲಿ ನಮ್ಮ ನಾಡು ಹಿಂದುಳಿದದ್ದಲ್ಲ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆದರೂ ಮೈಸೂರು ಬೆಂಗಳೂರುಗಳ ಮಧ್ಯಮ ವರ್ಗದ ಮನೆಗಳಲ್ಲಿ ಬಹುಕಾಲ ಸ್ನಾನಕ್ಕೆ ನೀರು ಕಾದದ್ದು ಹಂಡೆಯಲ್ಲಿ, ಇಲ್ಲವೆ ನಡುವೆ ಕೊಳವೆಯಿದ್ದು ಅದರಲ್ಲಿ ತೆಂಗಿನ ಕರಟ ಉರಿಯುವ ತಾಮ್ರದ ಬಾಯ್ಲರಿನಲ್ಲಿ. ಬಿಸಿಲಿನಿಂದ ನೀರು ಕಾಯಿಸುವುದು ತೀರ ಈಚಿನದೆಂದು ನಾನು ತಿಳಿದಿದ್ದೆ, ಹಾಗಲ್ಲ. ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ 1891ರಲ್ಲಿಯೇ ಗಾಜು ಹಾಕಿದ ಪೆಟ್ಟಿಗೆಯೊಳಗೆ ತೊಟ್ಟಿಯಿಟ್ಟು ಪೇಟೆಂಟು ಪಡೆದಿದ್ದ. ರಾತ್ರಿಯಾದೊಡನೆ ಆ ನೀರು ಆರಿಹೋಗುತ್ತಿತ್ತು. ವಿಲಿಯಂ ಬೇಲಿ 1909ರಲ್ಲಿ ಬಿಸಿಲು ಹೀರುವ ಭಾಗವನ್ನೂ ತೊಟ್ಟಿಯನ್ನೂ ಬೇರೆ ಮಾಡಿ, ತೊಟ್ಟಿಗೆ ದಪ್ಪ ಹೊದಿಕೆ ಹೊದಿಸಿದ. ಬಿಸಿನೀರು ಹಗುರವಾಗಿ ತಾನೇ ಮೇಲಕ್ಕೇರುವುದರಿಂದ ಪಂಪಿನ ಅಗತ್ಯವೂ ಇಲ್ಲ. ಬೆಂಗಳೂರಿನ ತಾರಸಿಗಳ ಮೇಲೆ ಇಂದು ಸಾಲಾಗಿ ಕಾಣುವುದು ಇದೇ ತತ್ತ್ವದ ಸಂತತಿ. 2007ರಲ್ಲಿ ನಮ್ಮ ಸರ್ಕಾರ ಅನೇಕ ಬಗೆಯ ಹೊಸ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು. ಬಯಲುಸೀಮೆಗೆ ಅದು ವರವೇ. ನಾಲ್ಕು ತಿಂಗಳು ಸೂರ್ಯನ ಮುಖ ಕಾಣದ ನಮ್ಮೂರಿಗೆ, ಬಿಸಿನೀರು ಅತ್ಯಂತ ಅಗತ್ಯವಾದ ಕಾಲದಲ್ಲಿಯೇ, ಅದು ಕೈಕೊಡುತ್ತದೆ. ಮರ ಬಿದ್ದು ತಂತಿ ಹರಿದರೆ ಮೂರು ದಿನ ವಿದ್ಯುತ್ತೂ ಇರುವುದಿಲ್ಲ.

ಇಷ್ಟು ಶಸ್ತ್ರಾಸ್ತ್ರಗಳೊಡನೆ ಹಬ್ಬಕ್ಕೆ ವಾರ ಮುಂಚೆ ಊರಿಗೆ ಹೋದೆ. ಮರುದಿನವೇ ಪೇಟೆಯಿಂದ ಕಂಚುಗಾರರೊಬ್ಬರನ್ನು ಕರೆತಂದೆವು. ವೃದ್ಧರು. ಒಲೆಯ ಅಂಚು ಒಡೆದು ಹಂಡೆಯನ್ನು ಎಬ್ಬಿಸಿ, ತಿರುವಿ ಹಾಕಿ, ಬೆರಳ ಗೆಣ್ಣಿನಿಂದ ಸುತ್ತಲೂ ಬಡಿದು ಕೇಳಿದರು. "ಪಕ್ಕೆ ಗಟ್ಟಿಯಾಗಿದೆ, ಇನ್ನೂ ಐವತ್ತು ವರ್ಷಕ್ಕೆ ಮೋಸವಿಲ್ಲ. ತಳ ಮಾತ್ರ ಒಂದು ಕಡೆ ಸವೆದಿದೆ. ಹೊಸ ತಗಡು ಬೆಸೆದು ಕೊಡ್ತೇನೆ. ಆದರೆ ತಪ್ಪು ಹಂಡೇದಲ್ಲ ಸ್ವಾಮಿ, ಒಲೇದು. ಬಾಯಿ ಇಷ್ಟಗಲ ಮಾಡಿದ್ದೀರಿ, ಬೆಂಕಿಯೆಲ್ಲಾ ಒಂದೇ ಕಡೆ ನುಗ್ಗುತ್ತೆ" ಎಂದರು. ರಂಫರ್ಡ್ ಸಾಹೇಬನೇ ಪಂಚೆಯುಟ್ಟು ಬಂದು ಹೇಳಿದಂತಾಯಿತು.

ಆ ರಾತ್ರಿ ನಾನು ಲೆಕ್ಕ ಹಾಕಿದೆ. ಎಂಬತ್ತು ಲೀಟರು ನೀರಿನ ಶಾಖವನ್ನು ನಲವತ್ತು ಡಿಗ್ರಿ ಏರಿಸಲು 3200 ಕಿಲೋಕ್ಯಾಲರಿ ಸಾಕು. ಒಣಗಿದ ಸೌದೆ ಕಿಲೋಗೆ ಸುಮಾರು 4000 ಕಿಲೋಕ್ಯಾಲರಿ ಕೊಡುತ್ತದೆ. ಅಂದರೆ ಒಂದು ಕಿಲೋ ಸೌದೆಯೂ ಬೇಡ. ನಾವು ಉರಿಸುತ್ತಿದ್ದುದನ್ನು ತೂಗಿಸಿದರೆ ಎಂಟು ಕಿಲೋ! ಹತ್ತರಲ್ಲಿ ಒಂಬತ್ತು ಪಾಲು ಶಾಖ ಗೋಡೆಗೆ, ಗಾಳಿಗೆ, ಹಂಚಿನ ಸಂದಿಗೆ. ಕಂಬಳಿ ಆರಿಸಿದ್ದು ಆ ಒಂಬತ್ತರಲ್ಲಿಯೇ ಒಂದಿಷ್ಟು, ನಿಜ. ಉಳಿದದ್ದು ವ್ಯರ್ಥ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು ಹಳ್ಳಿಯ ಒಲೆಯನ್ನು ಕುರಿತು ವರ್ಷಗಟ್ಟಲೆ ಕೆಲಸ ಮಾಡಿ ಅಸ್ತ್ರ ಒಲೆಯನ್ನು ಕೊಟ್ಟದ್ದು ಈ ವ್ಯರ್ಥವನ್ನು ತಪ್ಪಿಸಲೆಂದೇ: ಬೆಂಕಿಯನ್ನು ಮುಚ್ಚಿದ ಗೂಡಿನಲ್ಲಿಡಬೇಕು, ಕೆಳಗೆ ಗಾಳಿಗೆ ಜಾಲರಿ ಬೇಕು, ಹೊಗೆಗೆ ಕೊಳವೆ ಬೇಕು.

ಮರುದಿನ ಬೆಳಗಿನ ತಿಂಡಿಯ ಹೊತ್ತಿಗೆ ಎಲ್ಲರನ್ನೂ ಕೂರಿಸಿ ನನ್ನ ತೀರ್ಪು ಹೇಳಿದೆ. ಹಂಡೆ ದುರಸ್ತಿ, ಒಲೆ ಹೊಸದು. ತೋಟದ ಅಡಿಕೆ ಸಿಪ್ಪೆ, ಸೋಗೆ ಇರುವಾಗ ಸೌದೆಗೆ ಖರ್ಚಿಲ್ಲ. ಪರಂಪರೆಯೂ ಉಳಿಯಿತು, ವಿಜ್ಞಾನವೂ ಬಂತು. ಅಣ್ಣ ಅರೆಮನಸ್ಸಿನಿಂದ ತಲೆಯಾಡಿಸಿದ. ಅಮ್ಮನ ಒಪ್ಪಿಗೆ ಇದ್ದೇ ಇರುತ್ತದೆಂಬ ಧೈರ್ಯದಿಂದ, "ಏನಮ್ಮಾ, ನಿನ್ನ ಹಂಡೆ ಉಳೀತಲ್ಲ?" ಎಂದೆ.

ಅಮ್ಮ ಹಲಸಿನ ಹಪ್ಪಳದ ಡಬ್ಬಿಯ ಮುಚ್ಚಳ ಹಾಕುತ್ತ ಕೇಳಿದಳು: "ನನ್ನ ಹಂಡೆಯಾ? ಒಂದು ಮಾತು ಹೇಳು. ಅದರ ನೀರು ಕುದೀತಿರೋವಾಗ ನಾನು ಸ್ನಾನ ಮಾಡಿದ್ದು ನಿಂಗೆ ನೆನಪಿದೆಯಾ?"

ನಾನು ನೆನಪು ಮಾಡಿಕೊಂಡೆ. ಏನೂ ಸಿಗಲಿಲ್ಲ.

"ಇರೋದಿಲ್ಲ. ಹತ್ತೊಂಬತ್ತು ವರ್ಷಕ್ಕೆ ಈ ಮನೆಗೆ ಬಂದೆ. ಐವತ್ತೈದು ವರ್ಷ ನಾಲ್ಕೂವರೆಗೆದ್ದು ಬೆಂಕಿ ಹಾಕಿದ್ದೇನೆ. ಮಳೆಗಾಲದ ಹಸಿ ಸೌದೆ, ಊದಿ ಊದಿ ಕಣ್ಣು ಹೋಯ್ತು. ನಿಮ್ಮಜ್ಜ, ನಿಮ್ಮಪ್ಪ, ನೀವು, ಬಂದ ನೆಂಟರು ಎಲ್ಲಾ ಆಗಿ ನನ್ನ ಸರದಿ ಬರೋ ಹೊತ್ತಿಗೆ ಉಗುರು ಬೆಚ್ಚಗೂ ಇರ್ತಿರಲಿಲ್ಲ. ನಿಮ್ಮಜ್ಜಿಗೂ ಹಾಗೇ ಇತ್ತಂತೆ. ಹೆಸರು ಮಾತ್ರ ಅವರದ್ದು. ಹಂಡೆ ಇಟ್ಕೊಳ್ಳಿ, ನಂಗೇನೂ ಅದರ ಮೇಲೆ ಸಿಟ್ಟಿಲ್ಲ. ಆದರೆ ಇನ್ನು ಬೆಂಕಿ ಹಾಕೋಳು ನಾನಲ್ಲ." ಸ್ವಲ್ಪ ತಡೆದು, ಅಡಿಗೆಮನೆಯ ಕಡೆ ನೋಡಿ, "ಇವಳೂ ಅಲ್ಲ" ಎಂದಳು. ಅತ್ತಿಗೆ ದೋಸೆ ಮಗುಚುವುದನ್ನು ನಿಲ್ಲಿಸಿದ್ದಳು.

ಒಂದು ವಾರ ಓದಿದ ಚರಿತ್ರೆಯಲ್ಲಿ ನಾನು ಹಂಡೆಯನ್ನು ನೋಡಿದ್ದೆ, ಒಲೆಯನ್ನು ನೋಡಿದ್ದೆ, ಹೊಗೆಯನ್ನೂ ನೋಡಿದ್ದೆ. ಊದುಗೊಳವೆ ಹಿಡಿದು ಕುಳಿತವರನ್ನು ನೋಡಿರಲಿಲ್ಲ. ರೋಮಿನ ಗುಲಾಮರನ್ನು ಓದಿ ನಮ್ಮ ಮನೆಯಲ್ಲಿ ಅಂಥವರಿಲ್ಲವೆಂದು ಮುಂದೆ ಹೋದವನು ನಾನು. ಹಳೆಯ ವಸ್ತುಗಳ ಮೇಲಿನ ನಮ್ಮ ಪ್ರೀತಿ ಎಷ್ಟೋ ವೇಳೆ ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿರುತ್ತದೆ. ಅವರನ್ನು ಕೇಳದೆ ನಾವು ಪರಂಪರೆಯ ಮಾತಾಡುತ್ತೇವೆ. ಅಜ್ಜಿಯ ಹೆಸರಿಗಾಗಿ ಕಸಿವಿಸಿಪಟ್ಟ ನಾನು ಅಜ್ಜಿ ಯಾವ ನೀರಿನಲ್ಲಿ ಸ್ನಾನ ಮಾಡಿದಳೆಂದು ಎಂದೂ ಯೋಚಿಸಿರಲಿಲ್ಲ.

ಆಮೇಲೆ ನಡೆದ ಮಾತುಕತೆ ಬೇರೆ ತೆರನಾಗಿತ್ತು. ಅಮ್ಮನ ಕೋಣೆಯ ಪಕ್ಕದ ಸಣ್ಣ ಬಚ್ಚಲಿಗೆ ವಿದ್ಯುತ್ತಿನ ಹದಿನೈದು ಲೀಟರಿನ ಗೀಸರು ಬಂದಿತು. ಅವಳು ಬೇಕೆಂದಾಗ ನಲ್ಲಿ ತಿರುವಬಹುದು. ಹಂಡೆಗೆ ಹೊಸ ತಳ ಬಂದಿತು. ಒಲೆಯನ್ನು ಒಡೆದು, ಬಾಯಿ ಕಿರಿದು ಮಾಡಿ, ಜಾಲರಿ ಹಾಕಿ, ಮಾಡಿನಿಂದ ಮೇಲಕ್ಕೆ ಹೊಗೆಕೊಳವೆ ಏರಿಸಿ ಮತ್ತೆ ಕಟ್ಟಿದೆವು. ಈಗ ಮೂರು ಕಿಲೋ ಸೌದೆಯಲ್ಲಿ ನೀರು ಕಾಯುತ್ತದೆ. ಹೊಗೆ ಕಡಿಮೆಯಾದದ್ದರಿಂದ ಒಲೆಯ ಮುಂದೆ ಕೂರುವುದು ಮೊದಲಿಗಿಂತ ಹಿತ. ಬಟ್ಟೆ ಒಣಗುವುದು ಮಾತ್ರ ಸ್ವಲ್ಪ ನಿಧಾನ ಎಂದು ಅತ್ತಿಗೆಯ ದೂರು. ಲಾಭದೊಡನೆ ನಷ್ಟವೂ ಬರುತ್ತದೆ. ಬೆಂಕಿ ಹಾಕುವ ಕೆಲಸ ಅಣ್ಣನದು ಮತ್ತು ಅವನ ಮಗನದು. ನಾನು ಹೋದಾಗ ನನ್ನದು. ಆಗ ನನಗೆ ಭಿಕ್ಷುಗಳ ಆ ನಿಯಮ ನೆನಪಾಯಿತು. ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ವ್ಯವಸ್ಥೆಯಲ್ಲಿ ಬೂದಿ ಯಾರು ತೆಗೆಯಬೇಕೆಂಬುದನ್ನು ಸ್ಪಷ್ಟವಾಗಿ ಬರೆದಿಟ್ಟಿದ್ದರು. ನಮ್ಮ ಮನೆಯಲ್ಲಿ ಅದನ್ನು ಯಾರೂ ಬರೆದಿರಲಿಲ್ಲ. ಬರೆಯದೆಯೇ ಅದು ಹೆಂಗಸರ ಪಾಲಿಗೆ ಬಂದಿತ್ತು.

ನೀರು ತುಂಬುವ ಸಂಜೆ ಹಿಂಡಲಕಾಯಿಯ ಬಳ್ಳಿ ಸುತ್ತಿಕೊಂಡು ಹಂಡೆ ತನ್ನ ಜಾಗದಲ್ಲಿ ಕುಳಿತಿತು. ಚತುರ್ದಶಿಯ ಬೆಳಗಿನ ಜಾವ ಅಣ್ಣ ಬೆಂಕಿ ಹಾಕಿದ. ಎರಡು ಸಲ ಆರಿಸಿದ, ಮೂರನೆಯ ಸಲ ಹತ್ತಿತು. ಪ್ರತಿವರ್ಷ ನಮಗೆಲ್ಲ ಎಣ್ಣೆ ಹಚ್ಚಿ ಕಳಿಸಿ ಕೊನೆಗೆ ಬಚ್ಚಲಿಗೆ ಹೋಗುತ್ತಿದ್ದ ಅಮ್ಮ ಆ ದಿನ ಮೊದಲು ಹೋದಳು. ಗೀಸರಿನ ಬಚ್ಚಲಿಗಲ್ಲ, ಹಂಡೆಯ ಬಚ್ಚಲಿಗೆ. ಬಹಳ ಹೊತ್ತು ಒಳಗಿದ್ದಳು. ಹೊರಗೆ ಬಂದು, ತಲೆಗೆ ಸುತ್ತಿದ ಪಾವಡದ ತುದಿಯಿಂದ ಮುಖ ಒರಸಿಕೊಳ್ಳುತ್ತ, "ಹದವಾಗಿತ್ತು" ಎಂದಳು.

ಎಲ್ಲರದೂ ಆದ ಮೇಲೆ ನಾನು ಹೋದೆ. ನೀರು ಉಗುರು ಬೆಚ್ಚಗೂ ಇರಲಿಲ್ಲ. ಸ್ನಾನ ಮುಗಿಸಿ ಕೆಂಡ ನಂದಿಸಿ, ಬೂದಿಯನ್ನು ಬುಟ್ಟಿಗೆ ತುಂಬಿ ತೋಟಕ್ಕೆ ಹೊತ್ತುಕೊಂಡು ಹೋದೆ.